ಲೆಕ್ಕ ಸತ್ತ ಮೇಲೆ ಏನು ಉಳಿಯುತ್ತದೆ? ನೋಹಪ್, ಸ್ಕ್ರೀನ್, ಟಿಮಕ್ಸ್, ಸಿಸ್ಟಮ್‌ಡಿ, ಸ್ಲರ್ಮ್ ಹೋಲಿಕೆ

ಮಾನಸಗಂಗೋತ್ರಿಯ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಿರಲಿ, ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಕಬ್ಬಿನ ಇಳುವರಿಯ ಅಂಕಿ ಅಂಶ ಹಿಡಿದು ಕೂತವರಿರಲಿ, ಲ್ಯಾಪ್‌ಟಾಪ್‌ನಲ್ಲಿ ಮುಗಿಯದ ಆರ್ (ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆ) ಕೋಡನ್ನು ಎಸ್‌ಎಸ್‌ಎಚ್ ಎಂಬ ದೂರಸಂಪರ್ಕದ ಮೂಲಕ ದೂರದ ಲಿನಕ್ಸ್ ಸರ್ವರ್‌ಗೆ ಒಪ್ಪಿಸುತ್ತಾರೆ. ಸಂಜೆ ಕರೆಂಟ್ ಹೋಗಿ ಮನೆಯ ರೂಟರ್ ಆರಿತೆಂದರೆ ಲೆಕ್ಕವೂ ನಿಲ್ಲುತ್ತದೆ. ಸರ್ವರ್‌ಗೆ ಏನೂ ಆಗಿರುವುದಿಲ್ಲ. ಸಂಪರ್ಕ ಕಡಿದಾಗ ಆ ಟರ್ಮಿನಲ್‌ನ ಕೆಲಸಗಳಿಗೆ ಸಿಗ್‌ಹಪ್ ಎಂಬ ಸಂಕೇತ ಹೋಗುತ್ತದೆ, ಅದು ತಲುಪಿದೊಡನೆ ಆರ್ ಮುಗಿಯುತ್ತದೆ.

ಒಂದೇ ಬೂಟ್‌ಸ್ಟ್ರ್ಯಾಪ್ (ಇರುವ ಡೇಟಾದಿಂದಲೇ ಮತ್ತೆ ಮತ್ತೆ ಮಾದರಿ ತೆಗೆಯುವ) ಲೆಕ್ಕವನ್ನು ಉಬುಂಟು 22.04 ಸರ್ವರ್‌ನಲ್ಲಿ ಬೇರೆ ಬೇರೆ ವಿಧಾನದಲ್ಲಿ ಓಡಿಸಿ, ಬೇಕೆಂದೇ ಮೂರು ರೀತಿ ಕೆಡಿಸಿ ನೋಡಿದ ಹೋಲಿಕೆ ಇದು: ನೆಟ್ ಕಿತ್ತು, ರ‍್ಯಾಮ್ ತುಂಬಿಸಿ, ಸರ್ವರನ್ನೇ ರೀಬೂಟ್ ಮಾಡಿ. ಮೊದಲ ಪರೀಕ್ಷೆಯಲ್ಲಿ ಎಲ್ಲವೂ ಪಾಸು. ಹಾಗಾಗಿ ‘ನೆಟ್ ಹೋದರೂ ಓಡುತ್ತಾ?’ ಎನ್ನುವ ಪ್ರಶ್ನೆಯಿಂದ ಆಯ್ಕೆ ತೀರ್ಮಾನವಾಗುವುದಿಲ್ಲ. ಸತ್ತರೆ ಏಕೆ ಸತ್ತಿತು, ಎಷ್ಟು ಕೆಲಸ ಉಳಿಯಿತು ಎಂದು ಯಾವುದು ಹೇಳುತ್ತದೆ ಎಂಬುದರಿಂದ ಆಗುತ್ತದೆ.

ನೋಹಪ್

ಸಿಗ್‌ಹಪ್ ಬಂದರೂ ಕಡೆಗಣಿಸುವಂತೆ ಮಾಡುವ ಆಜ್ಞೆ, ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಇಳಿದುಬರುವ ವಿಧಾನ. ಆರ್ ಫೈಲ್ ಓಡಿಸುವ ಆರ್‌ಸ್ಕ್ರಿಪ್ಟ್ ಆಜ್ಞೆಗೆ ಮೊದಲು ನೋಹಪ್, ಕೊನೆಗೆ & ಚಿಹ್ನೆ, ಅಷ್ಟೇ. ಯಾವ ಸರ್ವರ್‌ನಲ್ಲೂ ಇರುತ್ತದೆ, ಇನ್‌ಸ್ಟಾಲ್ ಮಾಡುವ ರಗಳೆ ಇಲ್ಲ. ಔಟ್‌ಪುಟ್‌ಗೆ ಫೈಲ್ ಹೆಸರು ಕೊಡದಿದ್ದರೆ ನೋಹಪ್.ಔಟ್ ಎಂಬ ಫೈಲಿಗೆ ಬರೆಯುತ್ತದೆ. ಹಳೆಯದನ್ನು ಅಳಿಸುವುದಿಲ್ಲ, ಕೊನೆಗೆ ಸೇರಿಸುತ್ತಾ ಹೋಗುತ್ತದೆ. ಒಂದೇ ಫೋಲ್ಡರ್‌ನಿಂದ ಎರಡು ಮಾಡೆಲ್ ಬಿಟ್ಟರೆ ಎರಡರ ಸಾಲುಗಳೂ ಕಲಸಿಹೋಗುತ್ತವೆ. ಆದ್ದರಿಂದ ಪ್ರತಿ ಕೆಲಸಕ್ಕೂ > ಹಾಕಿ ಬೇರೆ ಲಾಗ್ ಫೈಲ್ ಕೊಡಿ. ಪೈಥಾನ್ ಆದರೆ -ಯು ಆಯ್ಕೆಯನ್ನೂ ಸೇರಿಸಿ. ಇಲ್ಲದಿದ್ದರೆ ಫೈಲಿಗೆ ಹೋಗುವ ಔಟ್‌ಪುಟ್ ಬಫರ್‌ನಲ್ಲೇ ಕೂತು, ಗಂಟೆಗಟ್ಟಲೆ ಲಾಗ್ ಖಾಲಿ ಕಾಣುತ್ತದೆ.

ರ‍್ಯಾಮ್ ಪರೀಕ್ಷೆಯಲ್ಲಿ ನೋಹಪ್ ನಪಾಸು. ಮೆಮೊರಿ ಮುಗಿದಾಗ ಲಿನಕ್ಸ್‌ನ ತಿರುಳಾದ ಕರ್ನಲ್ ಆರ್ ಅನ್ನು ಕೊಂದುಹಾಕುತ್ತದೆ, ಲಾಗ್ ನಡುವೆಯೇ ನಿಲ್ಲುತ್ತದೆ. ನಾವು ಸಾಮಾನ್ಯವಾಗಿ ನೋಡುವ ‘ಕಿಲ್ಡ್’ ಎಂಬ ಪದ ಆರ್ ಬರೆಯುವುದಲ್ಲ, ನಮ್ಮ ಆಜ್ಞೆಗಳನ್ನು ಓಡಿಸುವ ಶೆಲ್ ಬರೆಯುವುದು. ನೋಹಪ್‌ನಲ್ಲಿ ಬಿಟ್ಟು ಲಾಗೌಟ್ ಆದ ಮೇಲೆ ಆ ಶೆಲ್ಲೇ ಇರುವುದಿಲ್ಲ, ಹೇಳುವವರು ಯಾರು? ಕಾರಣ ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ (dmesg) ಇರುತ್ತದೆ, ಆದರೆ ಈಗಿನ ಉಬುಂಟುವಿನಲ್ಲಿ ಅದನ್ನು ನೋಡಲು ಸೂಡೊ (ಅಡ್ಮಿನ್ ಅಧಿಕಾರ) ಬೇಕು. ವಿದ್ಯಾರ್ಥಿಗಳಿಗೆ ಅದು ಸಿಗುವುದು ಅಪರೂಪ.

ಸ್ಕ್ರೀನ್, ಟಿಮಕ್ಸ್

ಇವೆರಡರಲ್ಲೂ ಟರ್ಮಿನಲ್ಲೇ ಸರ್ವರ್‌ನಲ್ಲಿ ಉಳಿಯುತ್ತದೆ. ನಾವು ಬಂದು ಸೇರಿಕೊಳ್ಳುತ್ತೇವೆ, ಬಿಟ್ಟು ಹೋಗುತ್ತೇವೆ. ಶೆಲ್ ಜೀವಂತವಾಗಿರುವುದರಿಂದ ‘ಕಿಲ್ಡ್’ ಎಂಬ ಸಾಲು ಕಣ್ಣೆದುರೇ ಇರುತ್ತದೆ, ನಿರ್ಗಮನ ಸಂಖ್ಯೆ ಕೇಳಿದರೆ 137 ಬರುತ್ತದೆ. 128ಕ್ಕೆ 9ನೇ ಸಂಕೇತ ಸೇರಿ 137. ಅಂದರೆ ಯಾರೋ ಬಲವಂತವಾಗಿ ಕೊಂದಿದ್ದಾರೆ, ಬಹುಪಾಲು ಮೆಮೊರಿಯೇ ಕಾರಣ.

ಸ್ಕ್ರೀನ್ 1987ರಿಂದ ಇದೆ, ಟಿಮಕ್ಸ್ 2007ರದ್ದು. ತನ್ನ ಲಿನಕ್ಸ್ ಆದ ಆರ್‌ಎಚ್‌ಇಎಲ್‌ನ 8ನೇ ಆವೃತ್ತಿಯಿಂದ ರೆಡ್ ಹ್ಯಾಟ್ ಕಂಪನಿ ಸ್ಕ್ರೀನನ್ನು ಕೈಬಿಟ್ಟಿದೆ, ಬೇಕಾದರೆ ಎಪೆಲ್ ಎಂಬ ಹೆಚ್ಚುವರಿ ಪ್ಯಾಕೇಜ್ ಭಂಡಾರದಿಂದ ತರಬೇಕು. ದಿನನಿತ್ಯ ತಟ್ಟುವ ವ್ಯತ್ಯಾಸಗಳು ಚಿಕ್ಕವು. ಸ್ಕ್ರೀನ್ ತಾನಾಗಿ ಹಿಂದಿನ 100 ಸಾಲು ಮಾತ್ರ ಇಟ್ಟುಕೊಳ್ಳುತ್ತದೆ (ಉಬುಂಟುವಿನ ಸೆಟ್ಟಿಂಗ್‌ನಲ್ಲಿ 1024), ಟಿಮಕ್ಸ್ 2000. ಎರಡನ್ನೂ ಸೆಟ್ಟಿಂಗ್‌ನಲ್ಲಿ ಏರಿಸಬಹುದು, ಆದರೆ ಬಹಳಷ್ಟು ಜನ ಏರಿಸುವುದು ಎರರ್ ಮೇಲೆ ಹೋಗಿ ಮಾಯವಾದ ನಂತರವೇ. ಸ್ಕ್ರೀನ್‌ನ ಕೀಲಿ ಕಂಟ್ರೋಲ್-ಎ, ಅದೇ ಬ್ಯಾಶ್ ಶೆಲ್‌ನಲ್ಲಿ ಸಾಲಿನ ಮೊದಲಿಗೆ ಹೋಗುವ ಕೀಲಿಯೂ ಹೌದು. ಇನ್ನೂ ಕೆಟ್ಟದ್ದೆಂದರೆ ಕಂಟ್ರೋಲ್-ಎ ಆದ ಮೇಲೆ ಕೈತಪ್ಪಿ ಎಸ್ ಒತ್ತಿದರೆ ಔಟ್‌ಪುಟ್ ಹೆಪ್ಪುಗಟ್ಟುತ್ತದೆ. ಲೆಕ್ಕ ಸತ್ತಿತೆಂದು ತಿಳಿದು ಕಿತ್ತುಹಾಕುವವರಿದ್ದಾರೆ. ಕಂಟ್ರೋಲ್-ಎ, ಕ್ಯೂ ಒತ್ತಿದರೆ ಬಿಡುತ್ತದೆ. ಹೊಸದಾಗಿ ಕಲಿಯುವವರು ಟಿಮಕ್ಸನ್ನೇ ಕಲಿಯಲಿ: ಹೆಸರು ಕೊಟ್ಟು ಸೆಷನ್ ತೆರೆಯಿರಿ, ಕಂಟ್ರೋಲ್-ಬಿ, ಡಿ ಒತ್ತಿ ಹೊರಬನ್ನಿ, ಅಟ್ಯಾಚ್ ಮಾಡಿ ಮರಳಿ ಬನ್ನಿ.

ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓಡಾಡುತ್ತಾ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ನೋಡುವವರಿಗೆ ಎಸ್‌ಎಸ್‌ಎಚ್ ಬದಲು ಮೋಶ್ ಹಿತ. ಐಪಿ ಬದಲಾದರೂ ಸಂಪರ್ಕ ಉಳಿಯುತ್ತದೆ. ಆದರೆ ಅದಕ್ಕೆ 60000–61000ರ ನಡುವಿನ ಯುಡಿಪಿ ಪೋರ್ಟ್ ತೆರೆದಿರಬೇಕು, ಲ್ಯಾಪ್‌ಟಾಪ್ ರೀಸ್ಟಾರ್ಟ್ ಆದರೆ ಹಳೆಯ ಸೆಷನ್ ಸಿಗುವುದಿಲ್ಲ. ಒಳಗೆ ಟಿಮಕ್ಸ್ ಬೇಕೇ ಬೇಕು.

ಸಿಸ್ಟಮ್‌ಡಿ-ರನ್

ನಮ್ಮ ಓಟು ಇದಕ್ಕೆ. ಲಿನಕ್ಸ್‌ನಲ್ಲಿ ಹಿನ್ನೆಲೆಯ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಗೇ ನಮ್ಮ ಕೆಲಸವನ್ನೂ ಒಪ್ಪಿಸುವ ಆಜ್ಞೆ ಇದು. ಕೋಡ್ ತಿದ್ದುವ ಹಂತ ಮುಗಿದು, ರಾತ್ರಿಯಿಡೀ ಓಡಬೇಕಾದ ನಿಜವಾದ ಲೆಕ್ಕವಾದರೆ ಇದೇ ಸರಿ. --ಯೂಸರ್ ಆಯ್ಕೆ, --ಯುನಿಟ್ ಜೊತೆ ಒಂದು ಹೆಸರು, ಮೆಮೊರಿಮ್ಯಾಕ್ಸ್ 24 ಜಿಬಿ, ಮೆಮೊರಿಸ್ವಾಪ್‌ಮ್ಯಾಕ್ಸ್ 0 ಕೊಟ್ಟು ಆರ್‌ಸ್ಕ್ರಿಪ್ಟ್ ಬಿಟ್ಟೆವು. ಮಿತಿ ದಾಟಿದಾಗ ಆ ಕೆಲಸ ಮಾತ್ರ ಸತ್ತಿತು, ಪಕ್ಕದವರ ಲೆಕ್ಕಕ್ಕೆ ಪೆಟ್ಟಾಗಲಿಲ್ಲ. ಸ್ಟೇಟಸ್ ಕೇಳಿದರೆ ‘ಊಮ್-ಕಿಲ್’ (ಮೆಮೊರಿ ಮುಗಿದು ಕೊಂದದ್ದು) ಎಂದು ಕಾರಣ ಬರೆದೇ ಇತ್ತು, ಸಾಲು ಸಾಲಿಗೂ ಸಮಯ ಹಾಕಿದ ಲಾಗ್ ಸಿಸ್ಟಮ್‌ಡಿಯ ಜರ್ನಲ್‌ನಲ್ಲಿತ್ತು. ಸ್ವಾಪ್ (ಡಿಸ್ಕ್‌ನಲ್ಲಿನ ಹೆಚ್ಚುವರಿ ಮೆಮೊರಿ) ಮಿತಿಯನ್ನು ಕೊಡದಿದ್ದರೆ ಕೆಲಸ ಸಾಯುವ ಬದಲು ಡಿಸ್ಕ್‌ಗೆ ಹರಿದು ತೆವಳುತ್ತದೆ. ಅದು ಸಾಯುವುದಕ್ಕಿಂತ ಕಷ್ಟ.

ಎಡವುವ ಜಾಗಗಳು ಇಲ್ಲೇ ಹೆಚ್ಚು. ಲಾಗಿನ್‌ಸಿಟಿಎಲ್‌ನಲ್ಲಿ ಎನೇಬಲ್-ಲಿಂಗರ್ ಮಾಡಿರದಿದ್ದರೆ ನಿಮ್ಮ ಕೊನೆಯ ಲಾಗೌಟ್‌ನೊಂದಿಗೆ ಕೆಲಸವೂ ಹೋಗುತ್ತದೆ. ಅನುಮತಿ ಸಿಗದಿದ್ದರೆ ಅಡ್ಮಿನ್ ಮಾಡಿಕೊಡಬೇಕು. -ಡಿ ಹಾಕದಿದ್ದರೆ ಕೆಲಸ ಹೋಮ್ ಫೋಲ್ಡರ್‌ನಲ್ಲಿ ಶುರುವಾಗಿ ಡೇಟಾ ಫೈಲ್ ಸಿಗುವುದಿಲ್ಲ. ಶೆಲ್‌ನ ಸೆಟ್ಟಿಂಗ್ ಫೈಲಾದ ಬ್ಯಾಶ್‌ಆರ್‌ಸಿಯನ್ನು ಸಿಸ್ಟಮ್‌ಡಿ ಓದದ ಕಾರಣ ಕೊಂಡಾ (ಪ್ಯಾಕೇಜ್ ನಿರ್ವಾಹಕ) ಒಳಗಿನ ಆರ್‌ಗೆ ಪೂರ್ತಿ ಪಾತ್ ಕೊಡಬೇಕು. ಸತ್ತ ಕೆಲಸದ ಹೆಸರನ್ನೇ ಮತ್ತೆ ಬಳಸುವುದಾದರೆ ಮೊದಲು ರೀಸೆಟ್-ಫೇಲ್ಡ್ ಮಾಡಬೇಕು.

ಬ್ರೌಸರ್‌ನಲ್ಲೇ ಆರ್ ಬಳಸಲು ಬಿಡುವ ಆರ್‌ಸ್ಟುಡಿಯೊ ಸರ್ವರ್ ಬಗ್ಗೆ ಎರಡೇ ಮಾತು. ಲೆಕ್ಕ ಓಡುತ್ತಿರುವಾಗ ಬ್ರೌಸರ್ ಮುಚ್ಚಿದರೂ ತೊಂದರೆಯಿಲ್ಲ. ಮುಗಿದ ಮೇಲೆ ಸುಮ್ಮನೆ ಬಿಟ್ಟರೆ, ಸೆಟ್ಟಿಂಗ್ ಬದಲಿಸದಿದ್ದಲ್ಲಿ, 120 ನಿಮಿಷಕ್ಕೆ ಸೆಷನ್ ಸಸ್ಪೆಂಡ್ ಆಗಿ ಮೆಮೊರಿಯಲ್ಲಿದ್ದದ್ದೆಲ್ಲ ಡಿಸ್ಕ್‌ಗೆ ಇಳಿಯುತ್ತದೆ. ಕೋಟಾ ಕಡಿಮೆಯಿದ್ದರೆ ಅಲ್ಲಿ ಪೇಚು.

ಸ್ಲರ್ಮ್

ಸ್ಲರ್ಮ್ ಎಂದರೆ ಹಲವರ ಕೆಲಸಗಳನ್ನು ಸರದಿಯಲ್ಲಿಟ್ಟು ಓಡಿಸುವ ವ್ಯವಸ್ಥೆ. ಸರ್ವರ್ ಹಲವರದ್ದಾದರೆ ಆಯ್ಕೆಯ ಪ್ರಶ್ನೆಯೇ ಇಲ್ಲ, ಎಲ್ಲರೂ ಒಳಬರುವ ಲಾಗಿನ್ ನೋಡ್‌ನಲ್ಲಿ ಟಿಮಕ್ಸ್ ಒಳಗೆ ಲೆಕ್ಕ ಓಡಿಸಬಾರದು. ಕೆಲಸ ಒಪ್ಪಿಸುವ ಎಸ್‌ಬ್ಯಾಚ್ ಆಜ್ಞೆಗೆ ಸಮಯ, ಮೆಮೊರಿ ಎರಡನ್ನೂ ಮೊದಲೇ ಹೇಳಬೇಕು. ಹೇಳಿದ್ದಕ್ಕಿಂತ ಹೆಚ್ಚು ಬಳಸಿದರೆ ಕೊಲ್ಲುತ್ತದೆ, ವಿಪರೀತ ಕೇಳಿದರೆ ಸರದಿಯಲ್ಲಿ ಕಾಯಿಸುತ್ತದೆ. ಅಂದಾಜಿಗೆ ಸರಳ ಗುಣಾಕಾರ ಸಾಕು: ಆರ್‌ನಲ್ಲಿ ಒಂದು ದಶಮಾಂಶ ಸಂಖ್ಯೆಗೆ 8 ಬೈಟ್. ಒಂದು ಲಕ್ಷ ಸಾಲು, ಸಾವಿರ ಕಾಲಮ್ ಇದ್ದರೆ 800 ಎಂಬಿ. ಮಾಡೆಲ್ ಹೊಂದಿಸುವಾಗ ಆಗುವ ನಕಲುಗಳಿಗೆ ಅದರ ಮೂರು ನಾಲ್ಕು ಪಟ್ಟು ಇಡಿ. 50,000 ಬಿಂದುಗಳ ನಡುವಿನ ದೂರಗಳ ಕೋಷ್ಟಕ (ಪ್ರತಿ ಜೋಡಿ ಒಮ್ಮೆ ಮಾತ್ರ) ಒಂದೇ 10 ಜಿಬಿ ತಿನ್ನುತ್ತದೆ.

ಸಿಮ್ಯುಲೇಶನ್‌ಗೆ ಸ್ಲರ್ಮ್‌ನ ಅರೇ ಜಾಬ್‌ಗೆ ಸಾಟಿಯಿಲ್ಲ. 200 ತುಂಡು ಮಾಡಿ, ಒಮ್ಮೆಗೆ 16 ಮಾತ್ರ ಓಡಲಿ ಎಂದು ಒಂದೇ ಸಾಲಿನಲ್ಲಿ ಹೇಳಬಹುದು.

ಎಲ್ಲ ವಿಧಾನಕ್ಕೂ ಅನ್ವಯಿಸುವ ಒಂದು ಎಚ್ಚರಿಕೆ: 16 ಕೋರ್‌ಗೆ 16 ಪ್ಯಾರಲಲ್ ಕೆಲಸ ಬಿಟ್ಟಾಗ ಮ್ಯಾಟ್ರಿಕ್ಸ್ ಲೆಕ್ಕದ ಲೈಬ್ರರಿಯಾದ ಓಪನ್‌ಬ್ಲಾಸ್ ಪ್ರತಿಯೊಂದರಲ್ಲೂ ಮತ್ತೆ 16 ಥ್ರೆಡ್ ಹುಟ್ಟಿಸಬಹುದು. 256 ಥ್ರೆಡ್‌ಗಳು 16 ಕೋರ್‌ಗೆ ಕಚ್ಚಾಡಿ ಲೆಕ್ಕ ನಿಧಾನವಾಗುತ್ತದೆ. ಓಪನ್‌ಬ್ಲಾಸ್ ಥ್ರೆಡ್ ಸಂಖ್ಯೆಯನ್ನು 1ಕ್ಕೆ ಕಟ್ಟಿಹಾಕಿ ಬಿಡಿ.

ರೀಬೂಟ್ ಪರೀಕ್ಷೆ

ಇಲ್ಲಿ ನೋಹಪ್, ಸ್ಕ್ರೀನ್, ಟಿಮಕ್ಸ್, ಸಿಸ್ಟಮ್‌ಡಿ-ರನ್ ಎಲ್ಲವೂ ಮಕಾಡೆ. ಸ್ಲರ್ಮ್ ಮಾತ್ರ, ಅಡ್ಮಿನ್ ನಿಲ್ಲಿಸಿರದಿದ್ದರೆ, ಕೆಲಸವನ್ನು ಮತ್ತೆ ಸರದಿಗೆ ಹಾಕುತ್ತದೆ, ಅದೂ ಮೊದಲಿನಿಂದ. ಉಳಿಸುವುದು ಕೋಡ್ ಬರೆಯುವವರ ಕೈಯಲ್ಲೇ ಇದೆ. 10,000 ಮರುಮಾದರಿಗಳನ್ನು 200ರಂತೆ 50 ತುಂಡು ಮಾಡಿ, ಪ್ರತಿ ತುಂಡು ಮುಗಿದಾಗ ಆರ್‌ನ ಸೇವ್‌ಆರ್‌ಡಿಎಸ್‌ನಿಂದ ಅದೇ ಫೋಲ್ಡರ್‌ನ ತಾತ್ಕಾಲಿಕ ಹೆಸರಿನ ಫೈಲಿಗೆ ಬರೆದು, ಆಮೇಲೆ ನಿಜವಾದ ಹೆಸರಿಗೆ ಬದಲಿಸಿ. ನೇರವಾಗಿ ಬರೆದರೆ ನಡುವೆ ಕರೆಂಟ್ ಹೋದಾಗ ಅರ್ಧ ಫೈಲ್ ಉಳಿದು, ಪೂರ್ತಿಯೆಂದು ಮೋಸ ಮಾಡುತ್ತದೆ. ಕೋಡ್ ಮತ್ತೆ ಶುರುವಾದಾಗ ಇರುವ ಫೈಲ್‌ಗಳನ್ನು ಬಿಟ್ಟು ಮುಂದಿನ ತುಂಡಿಗೆ ಹೋಗಲಿ. ಪ್ರತಿ ತುಂಡಿಗೂ ತನ್ನದೇ ಸೀಡ್ (ಯಾದೃಚ್ಛಿಕ ಸಂಖ್ಯೆಗಳು ಶುರುವಾಗುವ ಬಿಂದು) ಇರಲಿ, ಲೆಕ್ಯುಯೆರ್ ಎಂಬ ಯಾದೃಚ್ಛಿಕ ಸಂಖ್ಯೆ ಜನರೇಟರ್‌ನ ಬೇರೆ ಬೇರೆ ಸ್ಟ್ರೀಮ್ ಆದರೆ ಇನ್ನೂ ಒಳ್ಳೆಯದು. ಆಗ ಎಲ್ಲಿ ನಿಂತು ಎಲ್ಲಿಂದ ಮುಂದುವರಿದರೂ ಉತ್ತರ ಒಂದೇ ಬರುತ್ತದೆ.

ಆರ್‌ನ ಬೇಯೇಸಿಯನ್ ಮಾಡೆಲ್ ಪ್ಯಾಕೇಜಾದ ಬಿಆರ್‌ಎಂಎಸ್ ಬಳಸುವವರು ಫೈಲ್ ಆಯ್ಕೆ ಕೊಟ್ಟು ನಿಶ್ಚಿಂತರಾಗಬೇಡಿ. ಅದು ಉಳಿಸುವುದು ಮಾಡೆಲ್ ಪೂರ್ತಿ ಮುಗಿದ ಮೇಲೆ. ಫೈಲ್‌ರೀಫಿಟ್ ಬದಲಿಸದಿದ್ದರೆ, ಫಾರ್ಮುಲಾ ತಿದ್ದಿ ಮತ್ತೆ ಓಡಿಸಿದಾಗಲೂ ಸದ್ದಿಲ್ಲದೆ ಹಳೆಯ ಫೈಲನ್ನೇ ತೆರೆದು ಕೊಡುತ್ತದೆ. ಫೈಲ್‌ರೀಫಿಟ್‌ಗೆ ‘ಆನ್‌ಚೇಂಜ್’ ಎಂದು ಹಾಕಿ.