ಮೂಟ್ ಕೋರ್ಟ್ ಮೆಮೋರಿಯಲ್‌ಗೆ ದಾವಣಗೆರೆಯಲ್ಲಿ ಒಂದು ಅಂಗಡಿ

ದಾವಣಗೆರೆಯಲ್ಲಿ ಜೆರಾಕ್ಸ್ ಅಂಗಡಿಗಳಿಗೆ ಬರವಿಲ್ಲ. ಕೋರ್ಟ್ ಸುತ್ತ ಇವೆ, ಕಾಲೇಜುಗಳ ಸುತ್ತ ಇವೆ, ಬಸ್‌ಸ್ಟ್ಯಾಂಡ್ ಹತ್ತಿರ ಸಾಲಾಗಿ ಇವೆ. ಆದರೆ ಮೂಟ್ ಕೋರ್ಟ್ ಮೆಮೋರಿಯಲ್ ಅಂದರೆ ಏನು ಅಂತ ನಾವು ವಿವರಿಸದೆಯೇ ಗೊತ್ತಿರುವ ಅಂಗಡಿ ನನಗೆ ಸಿಕ್ಕಿದ್ದು ಒಂದೇ. (ಮೂಟ್ ಕೋರ್ಟ್ ಅಂದರೆ ಲಾ ಓದುವವರು ವಾದ ಮಾಡುವ ಅಣಕು ನ್ಯಾಯಾಲಯ; ಅದಕ್ಕೆ ಟೀಮ್ ಬರೆದುಕೊಡುವ ಲಿಖಿತ ವಾದವೇ ಮೆಮೋರಿಯಲ್.) ಪಿ.ಜೆ. ಬಡಾವಣೆಯಲ್ಲಿ, ರಾಂ ಅಂಡ್ ಕೋ ಸರ್ಕಲ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಅಡ್ಡರಸ್ತೆಯಲ್ಲಿದೆ. ಬೋರ್ಡಿನ ಹೆಸರು ಬಿಸಿಲಿಗೆ ಮಾಸಿ ಓದಲು ಬರುವುದಿಲ್ಲ. ಲಾ ಓದುವವರೆಲ್ಲ 'ಮೆಮೋರಿಯಲ್ ಅಣ್ಣನ ಅಂಗಡಿ' ಅನ್ನುತ್ತಾರೆ. ಹೊಸ ಬೋರ್ಡ್ ಬರೆಸುವ ಗೋಜಿಗೆ ಅಣ್ಣನೂ ಹೋಗಿಲ್ಲ.

ನಾನೀಗ ಇಲ್ಲಿನ ಕೋರ್ಟಿನಲ್ಲಿ ಸೀನಿಯರ್ ಒಬ್ಬರ ಹತ್ತಿರ ಜೂನಿಯರ್. ಕಾಲೇಜಿನಲ್ಲಿದ್ದಾಗ ಮೂಟ್ ಟೀಮಿನ ರಿಸರ್ಚರ್ ಆಗಿದ್ದೆ. ಟೀಮಿನಲ್ಲಿ ಸಾಮಾನ್ಯವಾಗಿ ಮೂವರು ಇರುತ್ತಾರೆ. ಇಬ್ಬರು ಎದ್ದು ನಿಂತು ವಾದ ಮಾಡುವ ಸ್ಪೀಕರ್‌ಗಳು. ಮೂರನೆಯವರು ಪಕ್ಕದಲ್ಲಿ ಕೂತು ಚೀಟಿ ದಾಟಿಸುವ ರಿಸರ್ಚರ್. ಪೇಪರ್‌ನಲ್ಲಿ ಬರುವ ಫೋಟೋದ ನಡುವೆ ಸ್ಪೀಕರ್‌ಗಳು ಇರುತ್ತಾರೆ. ಬೈಂಡಿಂಗ್ ಅಂಗಡಿಯ ಸಾಲಿನಲ್ಲಿ ನಿಲ್ಲುವವರು ರಿಸರ್ಚರ್‌ಗಳು. ಹಾಗಾಗಿ ಈ ವಿಷಯದಲ್ಲಿ ಮಾತಾಡುವ ಹಕ್ಕು ನನಗೆ ಸ್ವಲ್ಪ ಜಾಸ್ತಿಯೇ ಇದೆ. ಈಗಲೂ ಕಾಲೇಜಿನ ಹುಡುಗರು "ಅಕ್ಕಾ, ಒಂದ್ಸಲ ನೋಡಿಕೊಡಿ" ಅಂತ ಫೈಲ್ ಹಿಡಿದುಕೊಂಡು ಬರುತ್ತಾರೆ. ನಾನು ಅವರನ್ನು ನೇರ ಇಲ್ಲಿಗೆ ಕರೆತರುತ್ತೇನೆ.

ಬೇರೆ ಕಡೆ ಪೆನ್‌ಡ್ರೈವ್ ಕೊಟ್ಟ ಕೂಡಲೇ ಪ್ರಿಂಟ್ ಹೊಡೆಯುತ್ತಾರೆ. ಈ ಅಣ್ಣ ಅದನ್ನು ಮುಟ್ಟುವುದಿಲ್ಲ. "ರೂಲ್ಸ್ ಹಾಳೆ ಕೊಡ್ರೀ ಮೊದ್ಲು" ಅನ್ನುತ್ತಾರೆ. ಒಂದೊಂದು ಸ್ಪರ್ಧೆಗೆ ಒಂದೊಂದು ನಿಯಮ. ಅಕ್ಷರ ಟೈಮ್ಸ್ ನ್ಯೂ ರೋಮನ್ 12, ಸಾಲಿನ ಅಂತರ ಒಂದೂವರೆ, ಅಡಿಟಿಪ್ಪಣಿ 10 ಅನ್ನುವುದು ಬಹಳ ಕಡೆ ಕಾಣುವ ಲೆಕ್ಕ. ಆದರೆ ವಾದದ ಭಾಗ ಎಷ್ಟು ಪುಟ ಮೀರಬಾರದು, ಮಾರ್ಜಿನ್ ಎಷ್ಟು, ಒಂದೇ ಬದಿಯೋ ಎರಡೂ ಬದಿಯೋ, ಸ್ಪೈರಲ್ಲೋ ಸಾಫ್ಟ್ ಬೈಂಡಿಂಗೋ, ಇವೆಲ್ಲ ಬದಲಾಗುತ್ತಲೇ ಇರುತ್ತವೆ. ತಪ್ಪಿದರೆ ಅಂಕ ಕಡಿತ. ವಾದ ಎಷ್ಟೇ ಚೆನ್ನಾಗಿರಲಿ, ಮಾರ್ಜಿನ್‌ಗೆ ಕಳೆದುಕೊಂಡ ಅಂಕ ವಾಪಸ್ ಬರುವುದಿಲ್ಲ. ಅಣ್ಣ ಆ ಹಾಳೆಯನ್ನು ಓದಿ, ಬೇಕಾದ ಸಾಲಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಮಾನಿಟರ್‌ಗೆ ಅಂಟಿಸಿಕೊಂಡ ಮೇಲೆಯೇ ಫೈಲ್ ತೆಗೆಯುವುದು.

ಈ ಅಂಗಡಿಯನ್ನು ನಾನು ಬಿಡದಿರಲು ಕಾರಣವಾದ ಸಂಗತಿ ಬೇರೆ. ಮೆಮೋರಿಯಲ್‌ನಲ್ಲಿ ಕಾಲೇಜಿನ ಹೆಸರು, ನಮ್ಮ ಹೆಸರು ಎಲ್ಲೂ ಇರಬಾರದು. ಟೀಮ್ ಕೋಡ್ ಮಾತ್ರ ಇರಬೇಕು. ಅಂಕ ಹಾಕುವವರಿಗೆ ಇದು ಯಾವ ಊರಿನವರದು ಅಂತ ಗೊತ್ತಾಗಬಾರದು, ಅದಕ್ಕೆ ಈ ನಿಯಮ. ಮುಖಪುಟವನ್ನು ಎಲ್ಲರೂ ನೋಡುತ್ತಾರೆ. ಅಣ್ಣ ಫೈಲಿನ ಪ್ರಾಪರ್ಟೀಸ್ ತೆರೆದು ನೋಡುತ್ತಾರೆ. ಒಮ್ಮೆ ನನ್ನ ಪಕ್ಕ ನಿಂತಿದ್ದ ಚಿತ್ರದುರ್ಗದ ಹುಡುಗರ ಫೈಲಿನಲ್ಲಿ 'ಆಥರ್' ಅನ್ನುವ ಕಡೆ ಅವರ ಕಾಲೇಜಿನ ಹೆಸರೇ ಕೂತಿತ್ತು. ಲ್ಯಾಬಿನ ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿದ್ದರು, ಅದು ತಾನಾಗಿಯೇ ಸೇರಿಕೊಂಡಿತ್ತು. ಪಿಡಿಎಫ್ ಕಳಿಸಿದರೆ ಅದೂ ಜೊತೆಗೇ ಹೋಗುತ್ತದೆ. "ಇದು ತೆಗೀಲೇನ್ರೀ?" ಅಂತ ಕೇಳಿ ಅಳಿಸಿಕೊಟ್ಟರು. ಆ ಹುಡುಗರು ಅಲ್ಲೇ ನಿಂತು ಉಳಿದ ಫೈಲುಗಳನ್ನೂ ತೆರೆದು ನೋಡತೊಡಗಿದರು. ಇದಕ್ಕೆ ಅಣ್ಣ ದುಡ್ಡು ತೆಗೆದುಕೊಳ್ಳುವುದಿಲ್ಲ.

ಇನ್ನು ರಟ್ಟು. ಅರ್ಜಿದಾರರ ಮೆಮೋರಿಯಲ್‌ಗೆ ನೀಲಿ, ಎದುರುದಾರರದ್ದಕ್ಕೆ ಕೆಂಪು, ಇದು ನಮ್ಮ ಕಡೆ ಹೆಚ್ಚು ಕಡಿಮೆ ಎಲ್ಲ ಸ್ಪರ್ಧೆಗಳಲ್ಲೂ ನಡೆದುಬಂದ ರೂಢಿ. ಒಂದೇ ಟೀಮ್ ಎರಡೂ ಕಡೆಯಿಂದ ಬರೆಯಬೇಕು, ಎರಡೂ ಕಡೆಯಿಂದ ವಾದಿಸಬೇಕು. ಬೆಳಿಗ್ಗೆ ಸರ್ಕಾರದ ಕಾನೂನು ಸರಿ ಅಂದವರು ಮಧ್ಯಾಹ್ನ ಅದೇ ಕಾನೂನು ಸಂವಿಧಾನ ವಿರೋಧಿ ಅನ್ನಬೇಕು. ಇಲ್ಲಿನ ನೀಲಿ ಚೆನ್ನಾಗಿದೆ. ಕೆಂಪು ಸರಿಯಿಲ್ಲ. ರಟ್ಟನ್ನೇ ಕೆಂಪು ಬಣ್ಣದ್ದು ತರಿಸಿದಾಗ ತೊಂದರೆಯಿಲ್ಲ. ಸ್ಟಾಕ್ ಮುಗಿದಾಗ ಬಿಳಿ ರಟ್ಟಿನ ಮೇಲೆ ಕೆಂಪು ಪ್ರಿಂಟ್ ಹೊಡೆಯುತ್ತಾರೆ, ಅದು ಕಿತ್ತಳೆ ಆಗಿ ಬರುತ್ತದೆ. ಹೇಳಿ ಹೇಳಿ ಸಾಕಾಯಿತು. ಹೋಗುವ ಮೊದಲು ಫೋನ್ ಮಾಡಿ ಕೆಂಪು ರಟ್ಟು ಇದೆಯಾ ಅಂತ ಕೇಳಿಕೊಳ್ಳಿ.

ವರ್ಡ್ ಫೈಲ್ ಒಂದನ್ನೇ ಒಯ್ಯಬೇಡಿ. ಅವರ ಕಂಪ್ಯೂಟರ್‌ನಲ್ಲಿರುವುದು ಹಳೆಯ ವರ್ಡ್. ಅಲ್ಲಿ ತೆರೆದ ಕೂಡಲೇ ಪುಟಗಳು ಜರುಗುತ್ತವೆ. ಮೆಮೋರಿಯಲ್‌ನಲ್ಲಿ ಯಾವ ತೀರ್ಪನ್ನು ಯಾವ ಪುಟದಲ್ಲಿ ಉಲ್ಲೇಖಿಸಿದ್ದೇವೆ ಅನ್ನುವ ಪಟ್ಟಿ ಮುಂದೆಯೇ ಇರುತ್ತದಲ್ಲ, ಒಂದು ಪ್ಯಾರಾ ಜರುಗಿದರೂ ಆ ಪಟ್ಟಿ ಪೂರ್ತಿ ಸುಳ್ಳಾಗುತ್ತದೆ. ಪಿಡಿಎಫ್ ಮಾಡಿಕೊಂಡೇ ಹೋಗಿ, ವರ್ಡ್ ಪ್ರತಿ ಜೊತೆಗಿರಲಿ.

ಕಾನೂನಿನ ವಿಷಯದಲ್ಲಿ ಅಣ್ಣನನ್ನು ನಂಬಬೇಡಿ. ಅವರೂ ಹಾಗೆಯೇ ಹೇಳುತ್ತಾರೆ. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಬಂದವಲ್ಲ, ಐಪಿಸಿ (ಭಾರತೀಯ ದಂಡ ಸಂಹಿತೆ) ಜಾಗಕ್ಕೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಬಂತಲ್ಲ, ಆಗ ನಡೆದದ್ದು ಇದು. ಒಂದು ಟೀಮಿನವರು ಹಳೆಯ ಡ್ರಾಫ್ಟ್ ತಂದು, "ಅಣ್ಣಾ, ಐಪಿಸಿ ಇರೋ ಕಡೆಯೆಲ್ಲಾ ಬಿಎನ್‌ಎಸ್ ಅಂತ ಮಾಡಿಬಿಡಿ" ಅಂದರು. ಅಣ್ಣ ಒಂದೇ ಏಟಿಗೆ ಬದಲಾಯಿಸಿದರು. ಸೆಕ್ಷನ್ ನಂಬರ್ ಹಾಗೇ ಉಳಿಯಿತು. ಐಪಿಸಿಯಲ್ಲಿ 302 ಅಂದರೆ ಕೊಲೆಗೆ ಶಿಕ್ಷೆ, ಅದು ಬಿಎನ್‌ಎಸ್‌ನಲ್ಲಿ 103 ಆಗಿದೆ. ಬಿಎನ್‌ಎಸ್‌ನ 302 ಇನ್ನೊಬ್ಬರ ಧಾರ್ಮಿಕ ಭಾವನೆಗೆ ನೋವಾಗಲಿ ಅಂತಲೇ ಮಾತಾಡುವ ಅಪರಾಧ. ಮೆಮೋರಿಯಲ್‌ನ ಮೊದಲ ಪುಟದಲ್ಲಿ ಹೆಣ ಬಿದ್ದಿದೆ, ಆರೋಪಿ ಮಾತ್ರ ಬೈದಿದ್ದಕ್ಕೆ ವಿಚಾರಣೆ ಎದುರಿಸುತ್ತಿದ್ದಾನೆ! ಹಿಂದೆ ನಿಂತಿದ್ದ ನಾನು ನೋಡಿ ನಿಲ್ಲಿಸಿದೆ. ಅಷ್ಟೇ ಅಲ್ಲ, ಅವರ ಮೂಟ್ ಸಮಸ್ಯೆಯಲ್ಲಿ, ಅಂದರೆ ವಾದಕ್ಕೆ ಕೊಟ್ಟ ಕಲ್ಪಿತ ಪ್ರಕರಣದಲ್ಲಿ, ಘಟನೆ ನಡೆದದ್ದೇ 2023ರಲ್ಲಿ. ಜುಲೈ 1ಕ್ಕೆ ಮೊದಲು ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯ. ಏನನ್ನೂ ಬದಲಾಯಿಸಬೇಕಿರಲಿಲ್ಲ. ಅಣ್ಣ ಕಂಟ್ರೋಲ್ ಜೆಡ್ ಒತ್ತಿದರು, ಎಲ್ಲ ಮೊದಲಿನಂತಾಯಿತು.

ಹುಡುಗರು ನಗುತ್ತಾ ಹೋದರು. ನನಗೆ ಅಷ್ಟು ನಗು ಬರಲಿಲ್ಲ. ನಮ್ಮ ಕಾಲೇಜುಗಳಲ್ಲಿ ಮೂಟ್ ಕೋರ್ಟ್ ಪಠ್ಯದಲ್ಲೇ ಇದೆ. ಬಾರ್ ಕೌನ್ಸಿಲ್‌ನ 2008ರ ನಿಯಮದ ಪ್ರಕಾರ ವರ್ಷದಲ್ಲಿ ಮೂರು ಮೂಟ್ ಮಾಡಬೇಕು, ಒಂದಕ್ಕೆ ಹತ್ತು ಅಂಕ. ಐದು ಬರವಣಿಗೆಗೆ, ಐದು ವಾದಕ್ಕೆ. ಆ ಐದು ಅಂಕದ ಬರವಣಿಗೆ ಬಹಳ ಜನಕ್ಕೆ ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಇಳಿಸುವ ಕೆಲಸ ಆಗಿಬಿಟ್ಟಿದೆ. ಊರಿನ ಇನ್ನೊಂದು ಅಂಗಡಿಯಲ್ಲಿ ಹಳೆಯ ಮೆಮೋರಿಯಲ್‌ಗಳ ಫೈಲನ್ನೇ ದುಡ್ಡಿಗೆ ಕೊಡುತ್ತಾರೆ. ನಾನು ಬರೆದ ಒಂದು ಪ್ಯಾರಾ, ನನ್ನದೇ ಅಲ್ಪವಿರಾಮಗಳ ಸಮೇತ, ಬೇರೆ ಟೀಮಿನ ಕಡತದಲ್ಲಿ ಓದಿದ್ದೇನೆ. ಪಿ.ಜೆ. ಬಡಾವಣೆಯ ಅಣ್ಣ ಕೇಳಿದರೂ ಕೊಡುವುದಿಲ್ಲ. "ಅದು ಅವರ್ದು, ನಂದಲ್ಲ" ಅನ್ನುತ್ತಾರೆ. ಆದರೆ ಫೈಲ್‌ಗಳನ್ನು ತಾವಾಗಿ ಅಳಿಸುವುದೂ ಇಲ್ಲ. ವಾಟ್ಸಾಪ್‌ನಲ್ಲಿ ಕಳಿಸಿದ್ದು ಡೆಸ್ಕ್‌ಟಾಪ್ ಮೇಲೆ ಹಾಗೇ ಬಿದ್ದಿರುತ್ತದೆ. ಕಾಲೇಜಿನ ಒಳಗಿನ ಸ್ಪರ್ಧೆಯಾದರೆ ಎದುರು ಟೀಮಿನವರೂ ಇಲ್ಲಿಗೇ ಬರುತ್ತಾರೆ, ಅವರ ಕಣ್ಣೆದುರೇ ನಿಮ್ಮ ಫೈಲ್. ಕೆಲಸ ಮುಗಿದ ಮೇಲೆ "ಡಿಲೀಟ್ ಮಾಡಿ ಅಣ್ಣಾ" ಅಂತ ಹೇಳಿ, ರಿಸೈಕಲ್ ಬಿನ್ ಖಾಲಿಯಾಗುವವರೆಗೆ ಅಲ್ಲೇ ನಿಂತಿರಿ.

ಕನ್ನಡದಲ್ಲಿ ಅಣಕು ನ್ಯಾಯಾಲಯ ಸ್ಪರ್ಧೆಗೆ ಹೋಗುವವರಿಗೆ ಈ ಅಂಗಡಿ ಇನ್ನೂ ಉಪಯೋಗ. ಹೈಕೋರ್ಟಿನ ಕೆಲಸಕ್ಕೆ ಸಂವಿಧಾನದ 348ನೇ ವಿಧಿ ಇಂಗ್ಲಿಷ್ ಅನ್ನುತ್ತದೆ, ನಿಜ. ಆದರೆ ನಮ್ಮ ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ಕನ್ನಡದಲ್ಲೇ ಮಾತಾಡುವುದು, ಅಲ್ವಾ? ಅಂಥ ಸ್ಪರ್ಧೆಗಳು ಜಾಸ್ತಿಯಾಗಬೇಕು ಅಂತ ನನ್ನ ಆಸೆ. ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ ಫೈಲ್ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಣ್ಣ ಅದನ್ನು ಯೂನಿಕೋಡ್‌ಗೆ ಬದಲಾಯಿಸಿ, ಒಡೆದುಹೋದ ಒತ್ತಕ್ಷರಗಳನ್ನು ಕೂತು ಸರಿಮಾಡಿಕೊಡುತ್ತಾರೆ. ವಕೀಲರ ದಾವೆ, ತಕರಾರು ಟೈಪ್ ಮಾಡಿ ಪಳಗಿದ ಕೈ. ಕೋರ್ಟಿನಿಂದ ನಮಗೆ ಏನು ಬೇಕು ಅಂತ ಕೇಳುವ 'ಪ್ರಾರ್ಥನೆ' ಭಾಗದಲ್ಲಿ ನಾವು ತಡವರಿಸಿದರೆ ಕೋರ್ಟಿನ ವಾಡಿಕೆಯ ಸಾಲನ್ನು ಅವರೇ ನೆನಪಿನಿಂದ ಹೇಳುತ್ತಾರೆ. ಆ ಮಟ್ಟಿಗೆ ನಂಬಬಹುದು.

ವಾದದ ದಿನಕ್ಕೆ ಬೇಕಾದ ತೀರ್ಪುಗಳ ಕಟ್ಟನ್ನೂ ಇಲ್ಲೇ ಮಾಡಿಸಿ. ಜಡ್ಜ್ "ಯಾವ ಪ್ಯಾರಾ?" ಅಂದಾಗ ಸ್ಪೀಕರ್ ಹಾಳೆ ತಿರುವುತ್ತಾ ನಿಂತರೆ ಗಡಿಯಾರ ಓಡುತ್ತಿರುತ್ತದೆ. ಅಣ್ಣ ಬಣ್ಣದ ಚೀಟಿ ಅಂಟಿಸಿ, ಮೇಲೆ ನಂಬರ್ ಬರೆದುಕೊಡುತ್ತಾರೆ. ಒಬ್ಬ ಹುಡುಗ ಬಂದು ಕೇಶವಾನಂದ ಭಾರತಿ ತೀರ್ಪು ಪೂರ್ತಿ ಪ್ರಿಂಟ್ ಬೇಕು ಅಂದ. ಹದಿಮೂರು ಜಡ್ಜ್‌ಗಳು ಕೂತು 1973ರಲ್ಲಿ ಕೊಟ್ಟ ತೀರ್ಪು, ಸುಮಾರು 700 ಪುಟ. ಅಣ್ಣ ಅವನನ್ನು ಒಮ್ಮೆ ನೋಡಿ, "ಬಸ್ಸಿಗೆ ಹೋಗ್ತೀರೋ, ಲಾರಿ ಮಾಡ್ಕೊಂಡ್ ಹೋಗ್ತೀರೋ?" ಅಂದರು. ಬೇಕಾದ ಪ್ಯಾರಾಗಳಿರುವ ಪುಟ, ತೀರ್ಪಿನ ಮೊದಲ ಪುಟ, ಅಷ್ಟು ಸಾಕು. ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಇ-ಎಸ್‌ಸಿಆರ್ ಅನ್ನುವ ತೀರ್ಪುಗಳ ಆನ್‌ಲೈನ್ ಸಂಗ್ರಹ ಶುರುಮಾಡಿದ ಮೇಲೆ ಅಧಿಕೃತ ವರದಿಯ ಪ್ರತಿಯೇ ಬಿಟ್ಟಿಯಾಗಿ ಸಿಗುತ್ತದೆ. ದುಬಾರಿ ಡೇಟಾಬೇಸ್ ಇಲ್ಲದ ನಮ್ಮಂಥ ಊರಿನ ಕಾಲೇಜುಗಳಿಗೆ ಅದು ದೊಡ್ಡ ಅನುಕೂಲ. ಪುಟಸಂಖ್ಯೆ ಇಲ್ಲದ ವೆಬ್ ಪ್ರಿಂಟ್ ಒಯ್ದು ಜಡ್ಜ್ ಕೈಗೆ ಕೊಡಬೇಡಿ.

ಕಾಲೇಜೇ ಸ್ಪರ್ಧೆ ನಡೆಸುವಾಗ ಸಮಯ ತೋರಿಸುವ ಬಿಲ್ಲೆಗಳನ್ನೂ ಅಣ್ಣ ಮಾಡಿಕೊಡುತ್ತಾರೆ. 'ಐದು ನಿಮಿಷ', 'ಎರಡು ನಿಮಿಷ', 'ಮುಗಿಯಿತು'. ದಪ್ಪ ರಟ್ಟು, ದೊಡ್ಡ ಅಕ್ಷರ, ಲ್ಯಾಮಿನೇಶನ್. ಬಿಲ್ಲೆ ಎತ್ತುವ ಕೋರ್ಟ್ ಮಾಸ್ಟರ್ ಸಾಮಾನ್ಯವಾಗಿ ಮೊದಲ ವರ್ಷದ ಪುಕ್ಕಲು ಹುಡುಗ. ಅಕ್ಷರವಾದರೂ ಗಟ್ಟಿಯಾಗಿ ಕಾಣಲಿ.

ಈಗೀಗ ಬಹಳ ಸ್ಪರ್ಧೆಗಳು ಸಾಫ್ಟ್ ಕಾಪಿ ಮಾತ್ರ ಕೇಳುತ್ತವೆ. ಕೊರೊನಾ ಕಾಲದಲ್ಲಿ ಶುರುವಾದ ಅಭ್ಯಾಸ, ಹಾಗೇ ಉಳಿದುಕೊಂಡಿತು. ಅಣ್ಣನ ಬೈಂಡಿಂಗ್ ವ್ಯಾಪಾರಕ್ಕೆ ಹೊಡೆತ ಬಿದ್ದಿದೆ, ಅವರು ಹೇಳುವುದಿಲ್ಲ. ಆದರೂ ವಾದದ ದಿನ ಕೈಯಲ್ಲಿ ಪ್ರತಿ ಬೇಕೇ ಬೇಕು.

ರೇಟು: ನಾನು ಕೊನೆಯ ಬಾರಿ ಹೋದಾಗ ಪ್ರಿಂಟ್ ಪುಟಕ್ಕೆ 2 ರೂಪಾಯಿ, ಸ್ಪೈರಲ್ 40, ಕನ್ನಡ ಟೈಪಿಂಗ್ ಪುಟಕ್ಕೆ 30 ಇತ್ತು. ಕೋರ್ಟ್ ಎದುರಿನ ಅಂಗಡಿಗಳಿಗಿಂತ ಸ್ವಲ್ಪ ಜಾಸ್ತಿಯೇ. ಫೋನ್‌ಪೇ ನಡೆಯುತ್ತದೆ. ಯುಪಿಎಸ್ ಇದೆ, ಆದರೆ ಕರೆಂಟ್ ಹೋದರೆ ದೊಡ್ಡ ಪ್ರಿಂಟರ್ ಓಡುವುದಿಲ್ಲ. ಕುಳಿತುಕೊಳ್ಳಲು ಒಂದೇ ಸ್ಟೂಲ್, ಅದರ ಮೇಲೂ ಕಾಗದದ ಬಂಡಲ್. ಎಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ರಿಪೋರ್ಟ್ ಸೀಸನ್ನಿನಲ್ಲಿ ಹೋದರೆ ಅರ್ಧ ದಿನ ಕೈಬಿಟ್ಟ ಹಾಗೆಯೇ. ಭಾನುವಾರ ಮಧ್ಯಾಹ್ನದ ಮೇಲೆ ಬಾಗಿಲು ಹಾಕಿರುತ್ತದೆ. ಪ್ರತಿಗಳನ್ನು ಹುಬ್ಬಳ್ಳಿಗೋ ಬೆಂಗಳೂರಿಗೋ ಕೊರಿಯರ್ ಮಾಡುವವರು ಬೆಳಿಗ್ಗೆಯೇ ಫೈಲ್ ಕೊಟ್ಟು, ಸಂಜೆ ಐದರೊಳಗೆ ಬೈಂಡಿಂಗ್ ಮುಗಿಸಿಕೊಳ್ಳಿ. ಆಮೇಲೆ ಕೊಟ್ಟ ಪಾರ್ಸೆಲ್ ಮರುದಿನದ ಗಾಡಿಗೇ ಹೋಗುವುದು.