ಮ್ಯೂನಿಕ್‌ನಲ್ಲಿ ಸಿಕ್ಕ ಎಳ್ಳುಬೆಲ್ಲದ ಪೊಟ್ಟಣ

ಜರ್ಮನಿಯ ಮ್ಯೂನಿಕ್‌ಗೆ ಬಂದು ನೆಲೆಸಿದ ಮೇಲೂ ಯುಗಾದಿಯ ಒಬ್ಬಟ್ಟು, ಗಣೇಶನ ಹಬ್ಬದ ಕಡುಬು ನಮ್ಮ ಮನೆಯಲ್ಲಿ ತಪ್ಪಿಲ್ಲ. ಅವುಗಳಿಗೆ ಒಲೆಯೊಂದಿದ್ದರೆ ಸಾಕು. ಎಳ್ಳುಬೆಲ್ಲಕ್ಕೆ ಬಿಸಿಲು ಬೇಕು. ಹಳೆಯ ಮೈಸೂರಿನ ಕಡೆ ಸಂಕ್ರಾಂತಿಗೆ ವಾರವಿರುವಾಗಲೇ ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಅಚ್ಚುಬೆಲ್ಲವನ್ನೂ ಅದೇ ಗಾತ್ರಕ್ಕೆ ಕತ್ತರಿಸಿ, ಎರಡನ್ನೂ ಪಂಚೆಯ ಮೇಲೆ ಹರಡಿ ಒಣಗಿಸುತ್ತಾರೆ. ಇಲ್ಲಿ ಜನವರಿಯಲ್ಲಿ ಎಂಟು ಗಂಟೆಯ ಹೊತ್ತಿಗೆ ಹುಟ್ಟುವ ಸೂರ್ಯ ಸಂಜೆ ಐದಕ್ಕೆ ಮೊದಲೇ ಮುಳುಗಿರುತ್ತಾನೆ. ಆದ್ದರಿಂದ ಈ ಸಲ ಭಾರತೀಯ ದಿನಸಿ ಅಂಗಡಿಯೊಂದರಲ್ಲಿ ಸಿದ್ಧ ಎಳ್ಳುಬೆಲ್ಲದ 250 ಗ್ರಾಂ ಪೊಟ್ಟಣ ಕಂಡೊಡನೆ ಬೆಲೆಯನ್ನೂ ನೋಡದೆ ಎರಡು ಕೊಂಡೆ. ಒಂದಕ್ಕೆ 6 ಯೂರೋ ಎಂಬುದು ತಿಳಿದದ್ದು ಮನೆಗೆ ಬಂದ ಮೇಲೆ.

ತಟ್ಟೆಗೆ ಸುರಿದಾಗ ಎಳ್ಳುಬೆಲ್ಲ ಉದುರಲಿಲ್ಲ, ಗಂಟುಗಂಟಾಗಿ ಬಿತ್ತು. ಬೆಲ್ಲ ಗಾಳಿಯ ತೇವವನ್ನು ಹೀರುವ ಪದಾರ್ಥ. ಚೆನ್ನಾಗಿ ಒಣಗಿಸದೆ ತುಂಬಿದರೆ ತಾನೂ ಜಿನುಗಿ, ಪಕ್ಕದ ಕಡಲೆಬೀಜ, ಹುರಿಗಡಲೆಗಳನ್ನೂ ಮೆತ್ತಗಾಗಿಸುತ್ತದೆ. ಐದು ಪದಾರ್ಥಗಳೂ ಬಾಯಲ್ಲಿ ಬೇರೆಬೇರೆಯಾಗಿ ಸಿಕ್ಕಿದರೆ ಮಾತ್ರ ಅದು ಎಳ್ಳುಬೆಲ್ಲ, ಇಲ್ಲದಿದ್ದರೆ ಮುರಿದ ಚಿಕ್ಕಿ. ಎಳ್ಳನ್ನು ಮಾತ್ರ ಹದವಾಗಿ ಹುರಿದಿದ್ದರು, ಕಮಟು ವಾಸನೆಯೂ ಇರಲಿಲ್ಲ. ಆದರೆ ಅಗ್ಗದ ಹುರಿಗಡಲೆಯೇ ಅರ್ಧಕ್ಕರ್ಧ ತುಂಬಿತ್ತು.

ನನ್ನ ದೊಡ್ಡ ತಕರಾರು ಇರುವುದು ಕೊಬ್ಬರಿಯ ಬಗ್ಗೆ. ಇಡೀ ಕಾಯಿಯನ್ನು ತಿಂಗಳುಗಟ್ಟಲೆ ಇಟ್ಟು, ಚಿಪ್ಪಿನೊಳಗೇ ನೀರು ಬತ್ತಿ ಒಣಗಿದ ಉಂಡೆ ಕೊಬ್ಬರಿಗೆ, ಅಂದರೆ ನಮ್ಮ ತಿಪಟೂರಿನ ಕಡೆಯ ಕೊಬ್ಬರಿಗೆ, ಅಗಿದಷ್ಟೂ ಎಣ್ಣೆಯ ಸಿಹಿ ಬಿಡುವ ಗುಣವಿದೆ. ಈ ಪೊಟ್ಟಣದಲ್ಲಿದ್ದದ್ದು ಬಿಸ್ಕತ್ತು, ಕೇಕುಗಳಿಗೆ ಹಾಕುವ ಒಣ ತೆಂಗಿನ ತುರಿ. ಅದು ಹಲ್ಲಿಗೆ ಸಿಗುವುದೇ ಇಲ್ಲ, ನಾಲಿಗೆಗೆ ಹೊಟ್ಟಿನಂತೆ ಅಂಟಿಕೊಳ್ಳುತ್ತದೆ.

ಇಷ್ಟಾದರೂ ಅದರೊಳಗಿದ್ದ ಮೂರು ಸಕ್ಕರೆ ಅಚ್ಚುಗಳನ್ನು ಹೊಗಳದೆ ಇರಲಾರೆ. ಹಾಲಿನಷ್ಟು ಬಿಳುಪು, ಆನೆಯ ಸೊಂಡಿಲಾಗಲಿ ಗಿಳಿಯ ಕೊಕ್ಕಾಗಲಿ ಅಷ್ಟು ದೂರದ ಪ್ರಯಾಣದಲ್ಲಿ ಮುಕ್ಕಾಗಿರಲಿಲ್ಲ. ಪಾಕದ ಹದ ಸ್ವಲ್ಪ ತಪ್ಪಿದರೂ ಅಚ್ಚು ಮರದ ಮಣೆಯಿಂದ ಬಿಡಿಸುವಾಗಲೇ ಮುರಿಯುತ್ತದೆ ಎಂಬುದು ಮಾಡಿ ನೋಡಿದವರಿಗೆ ಗೊತ್ತು.

ಗಂಟುಗಳನ್ನು ಬಿಡಿಸಿ, ಎರಡು ದಿನ ಹೀಟರಿನ ಮೇಲೆ ಕಾಗದ ಹಾಸಿ ಒಣಗಿಸಿದ ಮೇಲೆ ಬೆಲ್ಲ ಸ್ವಲ್ಪ ಗಟ್ಟಿಯಾಯಿತು. ಅದನ್ನೇ ಮಗಳು ಮೂರು ಮನೆಗಳಿಗೆ ಬೀರಿ ಬಂದಳು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತನ್ನೇ ಆಡಬೇಕೆಂಬ ನಿಯಮವಿರುವುದರಿಂದ ಯಾರೂ ಏನೂ ಹೇಳಲಿಲ್ಲ.

ಮುಂದಿನ ವರ್ಷ ಈ ಪೊಟ್ಟಣವನ್ನು ನಾನು ಕೊಳ್ಳುವುದಿಲ್ಲ. ಊರಿನಿಂದ ಬರುವವರ ಕೈಯಲ್ಲಿ ನಾಲ್ಕು ಉಂಡೆ ಕೊಬ್ಬರಿ ತರಿಸಿ, ಹೆಚ್ಚಿ, ಹೀಟರಿನ ಮೇಲೆಯೇ ಒಣಗಿಸುತ್ತೇನೆ. ಸಕ್ಕರೆ ಅಚ್ಚುಗಳನ್ನು ಬಿಡಿಯಾಗಿ ತರಿಸಿಕೊಡುವಿರಾ ಎಂದು ಅಂಗಡಿಯವರನ್ನು ಕೇಳಿದ್ದಕ್ಕೆ, ಹತ್ತು ಜನ ಕೇಳಿದರೆ ನೋಡೋಣ ಎಂದಿದ್ದಾರೆ. ಇನ್ನೂ ಒಂಬತ್ತು ಜನ ಬೇಕು.