ಮರಾಟಿ ಅಂತ ಸರಿಯಾಗಿ ಬರೆದುಕೊಟ್ಟ ಸೆಂಟರು

ಮಗಳ ಜಾತಿ ಸರ್ಟಿಫಿಕೇಟಿಗೆ ಅರ್ಜಿ ಹಾಕಲು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯ ಒಂದು ಆನ್‌ಲೈನ್ ಸೆಂಟರಿಗೆ ಹೋಗಿದ್ದೆ. ಮಹಡಿ ಮೇಲೆ ಸಣ್ಣ ಕೋಣೆ, ಎರಡು ಕಂಪ್ಯೂಟರು, ಗೋಡೆಗೆ ತಾಗಿ ಒಂದು ಬೆಂಚು. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು.

ನಾವು ಮರಾಟಿಗಳು, ಪರಿಶಿಷ್ಟ ಪಂಗಡದವರು. ಹೆಸರಿನ ಕೊನೆಗೆ ನಾಯ್ಕ ಅಂತ ಇರುತ್ತದೆ. ಮಹಮ್ಮಾಯಿ ದೇವಿಗೆ ಗೊಂದೋಳು ಅನ್ನುವ ಪೂಜೆ ಮಾಡುವವರು. ಮರಾಠರು ಬೇರೆ, ನಾವು ಬೇರೆ. ಆದರೆ ಫಾರ್ಮಿನಲ್ಲಿ ಎರಡು ಹೆಸರಿಗೂ ಇರುವ ಅಂತರ ಒಂದೇ ಅಕ್ಷರ.

ಮೊದಲು ಬೇರೆ ಕಡೆ ಹೋಗಿದ್ದೆ. ಅಲ್ಲಿಯ ಹುಡುಗ ‘ಮರಾಠ’ ಅಂತ ಟೈಪ್ ಮಾಡಿದ. ತಪ್ಪು ಅಂತ ತೋರಿಸಿದೆ. “ಎಲ್ಲ ಒಂದೇ ಅಲ್ವಾ?” ಅಂದ. ಹಿಂದೆ ನಿಂತವರು ಅವಸರ ಮಾಡುತ್ತಿದ್ದರು. ನಾನೂ ಸುಮ್ಮನಾದೆ. ಎರಡು ವಾರ ಕಳೆದ ಮೇಲೆ ಅರ್ಜಿ ವಾಪಸ್ ಬಂತು.

ಎಲ್ಲ ಒಂದೇ ಅಲ್ಲ. ಯಾವ ರಾಜ್ಯದಲ್ಲಿ ಯಾರು ಪರಿಶಿಷ್ಟ ಪಂಗಡ ಅನ್ನುವುದಕ್ಕೆ ಸಂವಿಧಾನದ 342ನೇ ವಿಧಿಯಂತೆ ರಾಷ್ಟ್ರಪತಿಯವರು ಹೊರಡಿಸಿದ ಪಟ್ಟಿ ಇದೆ. ಅದಕ್ಕೆ ಒಂದು ಹೆಸರು ಸೇರಿಸಬೇಕಿದ್ದರೂ ತೆಗೆಯಬೇಕಿದ್ದರೂ ಪಾರ್ಲಿಮೆಂಟೇ ಕಾನೂನು ಮಾಡಬೇಕು. ಪಟ್ಟಿಯಲ್ಲಿ ಹೇಗೆ ಬರೆದಿದೆಯೋ ಹಾಗೆಯೇ ಓದಬೇಕು, ಹತ್ತಿರದ ಹೆಸರು ಅಂತ ಯಾವ ಅಧಿಕಾರಿಯೂ ಯಾವ ಕೋರ್ಟೂ ಒಳಗೆ ಸೇರಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2000ದಲ್ಲಿ ಹೇಳಿದೆ. ಅದು ಮಹಾರಾಷ್ಟ್ರದ ಹಲ್ಬಾ ಮತ್ತು ಕೋಷ್ಟಿ ಹೆಸರುಗಳ ಪ್ರಕರಣ.

ಹೆಸರು ಹೋದರೆ ಏನಾಗುತ್ತದೆ ಅಂತ ನಮಗೆ ಗೊತ್ತು. 2003ರಲ್ಲಿ ಬಂದ ತಿದ್ದುಪಡಿ ಕಾನೂನು ಕೇರಳದ ಪಟ್ಟಿಯಿಂದ ಮರಾಟಿ ಹೆಸರನ್ನು ತೆಗೆದುಹಾಕಿತು. ಅದೇ ಕಾನೂನಿನಲ್ಲಿ ನಮ್ಮ ಜಿಲ್ಲೆಯ ಮಾವಿಲರು ಪರಿಶಿಷ್ಟ ಜಾತಿಯಿಂದ ಪರಿಶಿಷ್ಟ ಪಂಗಡಕ್ಕೆ ಬಂದರು. ಅವರಿಗೆ ಸಿಕ್ಕಿದ್ದು ಒಳ್ಳೆಯದೇ ಆಯಿತು. ನಾನು ಆಗ ಕೆಲಸ ಹುಡುಕುತ್ತಿದ್ದವನು. ಅರ್ಜಿಯಲ್ಲಿ ಆ ಕಾಲಂ ಬಂದಾಗ ಪೆನ್ನು ಹಿಡಿದು ಕೂತುಬಿಡುತ್ತಿದ್ದೆ. ಅದೇ ಮನೆ, ಅದೇ ಗುಡ್ಡ, ಅದೇ ಅಪ್ಪ. ಪಟ್ಟಿಯಲ್ಲಿ ಮಾತ್ರ ನಾವಿಲ್ಲ. 2013ರಲ್ಲಿ ಪಾರ್ಲಿಮೆಂಟು ಇನ್ನೊಂದು ಕಾನೂನು ಮಾಡಿ ಹೆಸರನ್ನು ವಾಪಸ್ ಸೇರಿಸುವ ಹೊತ್ತಿಗೆ ನನ್ನ ವಯಸ್ಸು ಮೀರಿತ್ತು. ಆ ಹತ್ತು ವರ್ಷ ನಮ್ಮ ಹುಡುಗರಿಗೆ ಮತ್ತೆ ಸಿಗುವುದಿಲ್ಲ. ಈಗ ಹೇಳುವಾಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಪೆರ್ಲದ ಸೆಂಟರಿನ ಹುಡುಗಿ ಕೇಳಿದ ಮೊದಲ ಪ್ರಶ್ನೆಗೇ ನನ್ನ ಅರ್ಧ ಭಾರ ಇಳಿಯಿತು. “ಅಣ್ಣಾ, ಮರಾಟಿಯೋ ಮರಾಠವೋ?” ಅಂತ ತುಳುವಿನಲ್ಲಿ ಕೇಳಿದಳು. ಮರಾಟಿ ಅಂದೆ. ಟೈಪ್ ಮಾಡಿ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದಳು. “ಒಂದೊಂದೇ ಅಕ್ಷರ ನೋಡಿ ಹೇಳಿ” ಅಂದಳು.

ಆಮೇಲೆ ತಾಲೂಕಿನ ವಿಷಯ. ಪಟ್ಟಿಯಲ್ಲಿ ನಮ್ಮ ಹೆಸರಿನ ಜೊತೆ ಹೊಸದುರ್ಗ ಮತ್ತು ಕಾಸರಗೋಡು ತಾಲೂಕು ಅಂತ ಇದೆ. ಪೆರ್ಲ ಈಗ ಮಂಜೇಶ್ವರ ತಾಲೂಕು. ಅದು ಆಮೇಲೆ ಕಾಸರಗೋಡು ತಾಲೂಕನ್ನು ಒಡೆದು ಮಾಡಿದ್ದು. ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಅವಳೇ ಹೇಳಿದಳು. ಊರು ಮೊದಲು ಕಾಸರಗೋಡು ತಾಲೂಕಿನಲ್ಲಿತ್ತು ಅಂತ ಗೊತ್ತಾಗಲು ಅಪ್ಪನ ಹಳೆಯ ಜಾಗದ ಕಾಗದವನ್ನೂ ಸ್ಕ್ಯಾನ್ ಮಾಡಿ ಸೇರಿಸಿದಳು.

ನನ್ನ ಹೆಂಡತಿಯ ಊರು ಪುತ್ತೂರು ಕಡೆ. ಅವಳೂ ಮರಾಟಿ. ಕರ್ನಾಟಕದ ಪಟ್ಟಿಯಲ್ಲಿ ದಕ್ಷಿಣ ಕನ್ನಡದ ಮರಾಟಿ ಅಂತ ಇದೆ. ಕೊಡಗಿನ ಮರಾಠ ಅಂತಲೂ ಬೇರೆಯಾಗಿ ಇದೆ! ಗೊಂದಲ ಆಗದೆ ಇರುತ್ತದಾ? ಅವಳ ಸರ್ಟಿಫಿಕೇಟನ್ನೂ ಜೊತೆಗೆ ಒಯ್ದಿದ್ದೆ. ಒಂದು ರಾಜ್ಯದ ಪಟ್ಟಿಯ ಸವಲತ್ತು ಇನ್ನೊಂದು ರಾಜ್ಯಕ್ಕೆ ದಾಟುವುದಿಲ್ಲ, ಇಲ್ಲಿ ತಂದೆಯ ಕಡೆಯ ದಾಖಲೆಯೇ ಬೇಕು ಅಂತ ಹುಡುಗಿ ಬಿಡಿಸಿ ಹೇಳಿದಳು. ಮದುವೆ ಆಗಿ ಗಡಿ ದಾಟಿ ಬರುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಇಷ್ಟು ಸಮಾಧಾನದಲ್ಲಿ ಹೇಳುವವರು ಕಡಿಮೆ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಮೆಟ್ಟಿಲಿಗೆ. ಕಡಿದಾಗಿದೆ, ಹಿಡಿಯಲು ಕಂಬಿ ಇಲ್ಲ. ನಾನಿದ್ದಾಗ ಒಬ್ಬರು ಕೊರಗ ಅಜ್ಜಿ ಪಿಂಚಣಿ ವಿಷಯಕ್ಕೆ ಬಂದು ಕೆಳಗೇ ಕೂತಿದ್ದರು. ಕೊರಗರು ಕೇರಳದ ಐದು ವಿಶೇಷ ದುರ್ಬಲ ಬುಡಕಟ್ಟುಗಳಲ್ಲಿ ಒಂದು. ಅವರಿಗೆ ಬರಬೇಕಾದ್ದು ಕಾಗದದಲ್ಲಿ ಎಷ್ಟೇ ಇದ್ದರೂ ಬೆರಳಚ್ಚು ಕೊಡಲು ಮೆಟ್ಟಿಲು ಹತ್ತಬೇಕು ಅಂದರೆ ಹೇಗೆ? ಹುಡುಗಿ ಲ್ಯಾಪ್‌ಟಾಪ್ ಮತ್ತು ಬೆರಳಚ್ಚಿನ ಮೆಷಿನ್ ಹಿಡಿದುಕೊಂಡು ಕೆಳಗೆ ಹೋಗಿ ಕೆಲಸ ಮುಗಿಸಿ ಬಂದಳು. ಅದು ಅವಳ ಒಳ್ಳೆಯತನ. ಆದರೆ ಕಟ್ಟಡದವರು ಕೆಳಗೆ ಒಂದು ಕೋಣೆ ಕೊಡಲೇಬೇಕು.

ದರ ಗೋಡೆಯ ಮೇಲೆ ಹಾಕಿದ್ದಾರೆ. ಅದಕ್ಕಿಂತ ಜಾಸ್ತಿ ತಗೊಳ್ಳಲಿಲ್ಲ, ರಸೀದಿಯೂ ಕೊಟ್ಟರು. ತಹಶೀಲ್ದಾರರ ಸರ್ಟಿಫಿಕೇಟ್ ಬಂದ ದಿನ ಅವಳೇ ಫೋನ್ ಮಾಡಿದಳು. ಪ್ರಿಂಟ್ ತಗೊಂಡು ಮಗಳ ಕೈಗೆ ಕೊಟ್ಟೆ. ಬೇರೆ ಏನೂ ನೋಡದೆ ನೇರ ಆ ಒಂದು ಪದದ ಮೇಲೆ ಬೆರಳಿಟ್ಟು ಓದಿದಳು.

ಹೋಗುವವರು ಸೋಮವಾರ ಬಿಟ್ಟು ಹೋಗಿ, ಆ ದಿನ ರಶ್ ಜಾಸ್ತಿ. ಅಪ್ಪನದೋ ಅಜ್ಜನದೋ ಶಾಲೆಯ ಕಾಗದ ಇದ್ದರೆ ಒರಿಜಿನಲ್ಲೇ ಒಯ್ಯಿರಿ. ಸ್ಕ್ಯಾನ್ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನವಾಗಿ ವಾಪಸ್ ಕೊಡುತ್ತಾರೆ.